ನಿನ್ನೆ ತನಕ ಛಲೋ ಇತ್ತು

ಸಾಂಗಲಿ ಮತ್ತು ಮಿರಜಕ್ಕೆ ಅಂಟಿಕೊಂಡಿರುವ ಕುಪವಾಡ 1998ರಲ್ಲಿ ಆ ಎರಡೂ ಊರುಗಳ ಜೊತೆ ಒಂದೇ ಮಹಾನಗರಪಾಲಿಕೆಗೆ ಸೇರಿತು. ಈ ಕಡೆಯವರಿಗೆ ಕುಪವಾಡ ಎಂದಕೂಡಲೇ ನೆನಪಾಗುವುದು ಎಂಐಡಿಸಿ ಕೈಗಾರಿಕಾ ಪ್ರದೇಶ: ಫೌಂಡ್ರಿಗಳು, ಮಶಿನ್ ಶಾಪ್‌ಗಳು, ನೂಲಿನ ಗಿರಣಿಗಳು. ಮಿರಜದಿಂದ ಮ್ಹೈಸಾಳದ ಮೇಲೆ ಹೋದರೆ ಕಾಗವಾಡ. ಅಲ್ಲಿಗೆ ಮಹಾರಾಷ್ಟ್ರ ಮುಗಿಯಿತು. ಹೀಗಾಗಿ ಇಲ್ಲಿನ ಬಿಲ್ಲುಗಳಲ್ಲಿ ಎರಡೂ ರಾಜ್ಯಗಳ ಗಿರಾಕಿಗಳು ದಿನವೂ ಇರುತ್ತಾರೆ. ಸಾಂಗಲಿಯವರ ಜಿಎಸ್‌ಟಿ ಸಂಖ್ಯೆ 27ರಿಂದ ಶುರುವಾದರೆ ಕಾಗವಾಡ, ಬೆಳಗಾವಿಯವರದು 29ರಿಂದ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಮರುವರ್ಷ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್. ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಮಾತ್ರ ಇತ್ತು. 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ದಾಟಿದವರೆಲ್ಲರನ್ನೂ ಮುಟ್ಟಿತು. ಅಂದರೆ ಇವತ್ತು ಆಫೀಸಿನ ಪ್ರೋಗ್ರಾಮ್ ನಿಂತರೆ ಗೇಟಿನಲ್ಲಿ ಲಾರಿಯೂ ನಿಲ್ಲುತ್ತದೆ. ಆಗ ಪ್ರೋಗ್ರಾಮರ್ ಹಿಂದೆ ನಾಲ್ಕು ಜನ ನಿಂತು ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. ಎಲ್ಲವೂ ಕಾಳಜಿಯಿಂದ ಬಂದ ಮಾತುಗಳೇ. ಆದರೆ ಅವುಗಳಲ್ಲಿ ಬಹಳಷ್ಟು ತಪ್ಪು, ಆ ತಪ್ಪು ಕಲ್ಪನೆಗಳಿಂದಲೇ ಕೆಲಸ ಇನ್ನಷ್ಟು ತಡವಾಗುತ್ತದೆ.

ತಪ್ಪು ಕಲ್ಪನೆ: "ನಿನ್ನೆ ತನಕ ಛಲೋ ಇತ್ತು, ಯಾರೂ ಕೈ ಹಚ್ಚಿಲ್ರಿ. ತಾನಾಗೇ ಕೆಟ್ಟದ."

ವಾಸ್ತವ: ಕೋಡ್ ತುಕ್ಕು ಹಿಡಿಯುವುದಿಲ್ಲ. ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಏನೋ ಒಂದು ಬದಲಾಗಿದೆ. ಬದಲಾದದ್ದು ಕೋಡೇ ಆಗಬೇಕಿಲ್ಲ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾಗಿ ಬಿಲ್ ನಂಬರು ಮತ್ತೆ ಒಂದರಿಂದ ಎಣಿಸತೊಡಗಿರಬಹುದು. ಬಿಲ್ ನಂಬರಿಗೆ ಹೊಸದೊಂದು ವಿಭಾಗದ ಹೆಸರು ಸೇರಿಸಿ ಅದು 16 ಅಕ್ಷರ ಮೀರಿರಬಹುದು. ಇ-ಇನ್‌ವಾಯ್ಸ್ ಪೋರ್ಟಲ್ 16ಕ್ಕಿಂತ ಹೆಚ್ಚಿನದನ್ನು ಒಪ್ಪುವುದಿಲ್ಲ. ಹೊಸ ಗಿರಾಕಿಯ ಜಿಎಸ್‌ಟಿ ಸಂಖ್ಯೆಯಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಕೂತಿರಬಹುದು.

ಕೋಡ್ ಬದಲಾಗದೆ ಪರಿಸ್ಥಿತಿ ಮಾತ್ರ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಏರಿಯಾನ್-5 ರಾಕೆಟ್ ಸಾಕ್ಷಿ. ಹಳೆಯ ಏರಿಯಾನ್-4ರಲ್ಲಿ ಸರಿಯಾಗಿ ನಡೆದಿದ್ದ ಕೋಡನ್ನೇ ಅದರಲ್ಲಿ ಇಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. 16 ಬಿಟ್ಟಿನ ಜಾಗದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯಲಿಲ್ಲ. 1996ರ ಜೂನ್ 4ರಂದು ಮೇಲೇರಿದ ಸುಮಾರು 40 ಸೆಕೆಂಡಿಗೆ ರಾಕೆಟ್ ಚೂರಾಯಿತು. ಆದ್ದರಿಂದ "ಯಾರು ಕೈ ಹಚ್ಚಿದರು?" ಎಂದು ಕೇಳುವುದಕ್ಕಿಂತ "ಸರಿಯಾಗಿ ಆದ ಕೊನೆಯ ಬಿಲ್ ಯಾವುದು, ತಪ್ಪಿದ ಮೊದಲನೆಯದು ಯಾವುದು?" ಎಂದು ಕೇಳಬೇಕು. ಆ ಎರಡರ ನಡುವಿನ ವ್ಯತ್ಯಾಸದಲ್ಲೇ ಕಾರಣ ಇರುತ್ತದೆ.

ತಪ್ಪು ಕಲ್ಪನೆ: ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಯಿತು, ಅಂದರೆ ದೋಷ ಹೋಯಿತು.

ವಾಸ್ತವ: ರೀಸ್ಟಾರ್ಟ್ ಮಾಡುವುದರಲ್ಲಿ ತಪ್ಪಿಲ್ಲ, ಲಾರಿ ನಿಂತಿದ್ದಾಗ ಅದೇ ಮೊದಲ ಉಪಾಯ. ಆದರೆ ಅದು ಜ್ವರದ ಮಾತ್ರೆ, ಕಾಯಿಲೆ ಒಳಗೇ ಉಳಿದಿರುತ್ತದೆ. ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಗೆ ಹೀಗೇ ಆಯಿತು. ಅದು ಹೊತ್ತನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. 0.1 ಎಂಬ ಸಂಖ್ಯೆಯನ್ನು ಕಂಪ್ಯೂಟರಿನ ಬೈನರಿ ಲೆಕ್ಕದಲ್ಲಿ ಪೂರ್ತಿಯಾಗಿ ಬರೆಯಲು ಬರುವುದಿಲ್ಲ, ಬಾಲ ಕತ್ತರಿಸಲೇಬೇಕು. ಕತ್ತರಿಸಿದ ಬಾಲಗಳು 100 ಗಂಟೆಗಳಲ್ಲಿ ಕೂಡಿ ಸುಮಾರು 0.34 ಸೆಕೆಂಡಿನ ತಪ್ಪಾಯಿತು. ರೀಸ್ಟಾರ್ಟ್ ಮಾಡಿದರೆ ಆ ತಪ್ಪು ಸೊನ್ನೆಯಾಗುತ್ತಿತ್ತು, ಕಾರಣ ಮಾತ್ರ ಒಳಗೇ ಉಳಿಯುತ್ತಿತ್ತು. ಯಂತ್ರ ಬಹಳ ಹೊತ್ತು ನಡೆದರೆ ಗುರಿ ತಪ್ಪುತ್ತದೆ ಎಂಬ ಎಚ್ಚರಿಕೆ ಹೋಗಿತ್ತು, ಬಹಳ ಹೊತ್ತು ಎಂದರೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹರಾನ್‌ನಲ್ಲಿ ಪೇಟ್ರಿಯಟ್ ತಡೆಯಬೇಕಿದ್ದ ಸ್ಕಡ್ ಕ್ಷಿಪಣಿ ಬಿದ್ದು 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಮರುದಿನ ಬಂದು ತಲುಪಿತು.

ಅದೇ 0.1 ನಮ್ಮ ಬಿಲ್ಲಿನಲ್ಲಿ ಹತ್ತು ಪೈಸೆ. ಹಣದ ಲೆಕ್ಕವನ್ನು ಫ್ಲೋಟ್ ಎಂಬ, ಹೀಗೆ ಬಾಲ ಕತ್ತರಿಸುವ ಸಂಖ್ಯೆಯಲ್ಲಿ ಇಡಬಾರದು ಎಂದು ತಿಳಿದವರು ಹೇಳುವುದು ಇದಕ್ಕೇ.

ತಪ್ಪು ಕಲ್ಪನೆ: "ಎರಡು ಪೈಸೆ ತಾನೆ? ರೌಂಡ್ ಆಫ್ ಖಾತೆಗೆ ಹಾಕಿ ಮುಗಿಸ್ರಿ."

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಅಪಾಯದ ಮಾತು ಇದು.

ಮಾರ್ಚ್ ಮುಗಿದಿದೆ ಎಂದುಕೊಳ್ಳಿ. ತಿಂಗಳ ಜಿಎಸ್‌ಟಿಆರ್-1 ಏಪ್ರಿಲ್ 11ರೊಳಗೆ ಹೋಗಬೇಕು. ಫೌಂಡ್ರಿಯ ಮಾರಾಟದ ರಿಜಿಸ್ಟರಿಗೂ ತೆರಿಗೆಯ ವರದಿಗೂ ತಾಳೆ ಬರುತ್ತಿಲ್ಲ. ವ್ಯತ್ಯಾಸ ಕೆಲವೇ ಪೈಸೆ. ಗಾಬರಿಯಲ್ಲಿರುವ ಪ್ರೋಗ್ರಾಮರ್ ಇಲ್ಲಿ ಊಹೆ ಶುರುಮಾಡುತ್ತಾನೆ: ಡೇಟಾಬೇಸ್ ಕೆಟ್ಟಿದೆ, ಎಂಟ್ರಿ ತಪ್ಪಿದೆ, ನೆಟ್‌ವರ್ಕ್ ಕೈಕೊಟ್ಟಿದೆ. ಊಹೆಯ ಬದಲು ತಾಳೆಯಾಗದ ಬಿಲ್ಲುಗಳನ್ನಷ್ಟೇ ಬೇರೆ ತೆಗೆದು ಒಂದರ ಕೆಳಗೊಂದು ಇಟ್ಟು ನೋಡಿದರೆ? ಎಲ್ಲವೂ 27ರ ಗಿರಾಕಿಗಳವು. ಬೆಳಗಾವಿಯದು ಒಂದೂ ಇಲ್ಲ. ಪ್ರತಿ ಬಿಲ್ಲಿನಲ್ಲೂ ವ್ಯತ್ಯಾಸ ಸರಿಯಾಗಿ ಎರಡು ಪೈಸೆ. ಇನ್ನೂ ಹತ್ತಿರದಿಂದ ನೋಡಿದರೆ, ಎಲ್ಲವುಗಳ ಮಾಲಿನ ಬೆಲೆ 50 ಪೈಸೆಗೆ ಮುಗಿಯುತ್ತದೆ, ರೂಪಾಯಿ ಸಮಸಂಖ್ಯೆ.

ಇಷ್ಟು ಕಂಡಮೇಲೆ ಕಾರಣ ಓಡಿಹೋಗಲಾರದು. 1,234 ರೂಪಾಯಿ 50 ಪೈಸೆಯ ಮಾಲು, ತೆರಿಗೆ ಶೇ. 18. ಬೆಳಗಾವಿಗೆ ಹೋದರೆ ಐಜಿಎಸ್‌ಟಿ ಒಂದೇ ಸಾಲು: 222.21. ಸಾಂಗಲಿಗೆ ಹೋದರೆ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9, ತಲಾ 111.105. ಇಲ್ಲಿ ಅರ್ಧ ಪೈಸೆ ಹುಟ್ಟಿತು. ಅದನ್ನು ಮೇಲೆ ಏರಿಸಬೇಕೋ ಕೆಳಗೆ ಇಳಿಸಬೇಕೋ? ವಿಶುವಲ್ ಬೇಸಿಕ್‌ನ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಅಂಕಿಗೆ ಹೋಗುತ್ತದೆ: 111.10. ಎಸ್‌ಕ್ಯೂಎಲ್ ಸರ್ವರಿನ ರೌಂಡ್ ಮೇಲಕ್ಕೆ ಏರಿಸುತ್ತದೆ: 111.11. ಬಿಲ್ ತಯಾರಿಸಿದ್ದು ಒಂದು, ವರದಿ ತೆಗೆದದ್ದು ಇನ್ನೊಂದು. ಬಿಲ್ಲಿನಲ್ಲಿ ಒಟ್ಟು 222.20, ವರದಿಯಲ್ಲಿ 222.22. ಅದೇ 1,235.50 ಆಗಿದ್ದರೆ ಎರಡೂ ಲೆಕ್ಕದಲ್ಲಿ 111.20 ಬಂದು ತಾಳೆಯಾಗುತ್ತಿತ್ತು. ಒಂದು ಬಿಲ್ ಸರಿ, ಒಂದು ತಪ್ಪು, ಮನಸ್ಸಿಗೆ ಬಂದಂತೆ ಆಡುತ್ತಿದೆ ಎಂದು ಕಾಣುವ ದೋಷದ ಒಳಗೆ ಇಷ್ಟು ಕಟ್ಟುನಿಟ್ಟಾದ ನಿಯಮ ಕೂತಿರುತ್ತದೆ!

ಪರಿಹಾರ ಚಿಕ್ಕದು. ತೆರಿಗೆಯನ್ನು ಬಿಲ್ ಮಾಡುವಾಗ ಒಮ್ಮೆ ಮಾತ್ರ ಲೆಕ್ಕ ಹಾಕಿ ಉಳಿಸಬೇಕು. ವರದಿ ಅದನ್ನೇ ಓದಬೇಕು, ಮತ್ತೆ ಲೆಕ್ಕ ಹಾಕಬಾರದು. ಗಿರಾಕಿಯ ಕೈಗೆ ಹೋದ ಹಳೆಯ ಬಿಲ್ಲುಗಳನ್ನು ಮುಟ್ಟಬಾರದು.

ರೌಂಡ್ ಆಫ್ ಖಾತೆಗೆ ಹಾಕಿದ್ದರೆ ಏನಾಗುತ್ತಿತ್ತು? ಆ ಖಾತೆಯಲ್ಲಿ ಜಮೆಯೂ ಖರ್ಚೂ ಒಂದನ್ನೊಂದು ಹೊಡೆದುಹಾಕುತ್ತವೆ. ನಾಳೆ 2,000 ರೂಪಾಯಿಯ ನಿಜವಾದ ತಪ್ಪು ಬಂದರೂ ಅದರೊಳಗೆ ಅಡಗಿಕೊಳ್ಳಬಹುದು. ತಾಳೆಯಾಗದ ಎರಡು ಪೈಸೆ ಅಕೌಂಟೆಂಟ್‌ಗೆ ಸಿಕ್ಕ ಸುಳಿವು, ಅದನ್ನು ಅಳಿಸಬಾರದು.

ತಪ್ಪು ಕಲ್ಪನೆ: ಇನ್ನೂ ಇಬ್ಬರು ಹುಡುಗರನ್ನು ಹಾಕಿದರೆ ಬೇಗ ಮುಗಿಯುತ್ತದೆ.

ವಾಸ್ತವ: ಐಬಿಎಂನ ಓಎಸ್/360 ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪುಸ್ತಕ ಬರೆದು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರ ಅನುಭವ. ಕೋಡ್ ಬಲ್ಲ ಒಬ್ಬನೇ ವ್ಯಕ್ತಿ ಹೊಸಬರಿಗೆ ಪಾಠ ಹೇಳುತ್ತಾ ಕೂರಬೇಕಾಗುತ್ತದೆ. ಆದರೆ ಕೇಳುವ ಒಂದು ಕಿವಿ ಬೇಕು. ಅಕೌಂಟೆಂಟ್‌ಗೋ ಸ್ಟೋರ್ ಕೀಪರಿಗೋ ಮೊದಲಿನಿಂದ ಬಿಡಿಸಿ ಹೇಳುವಾಗ, ತಾನು ಪರೀಕ್ಷಿಸದೆ ನಂಬಿಕೊಂಡಿದ್ದ ಸಂಗತಿ ಪ್ರೋಗ್ರಾಮರ್‌ಗೇ ಹೊಳೆಯುತ್ತದೆ.

ತಪ್ಪು ಕಲ್ಪನೆ: ರಾತ್ರಿಯಿಡೀ ಕೂತವನೇ ನಿಷ್ಠಾವಂತ.

ವಾಸ್ತವ: ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿದಂತೆ, 17 ಗಂಟೆ ಸತತ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ ಶೇ. 0.03. ಅಷ್ಟು ಮಂಕಾದವನ ಕೈಗೆ ಲಾರಿ ಕೊಡದ ಮಾಲೀಕರು ಇಡೀ ವರ್ಷದ ಲೆಕ್ಕ ಕೊಡುವುದು ಸರಿಯಲ್ಲ.

ತಪ್ಪು ಕಲ್ಪನೆ: ಸಣ್ಣ ಬದಲಾವಣೆ, ನಡೆಯುತ್ತಿರುವ ಸಿಸ್ಟಮ್‌ನಲ್ಲೇ ಮಾಡಿಬಿಡಬಹುದು, ಆಗದಿದ್ದರೆ ಹಿಂದಕ್ಕೆ ತೆಗೆದರಾಯಿತು.

ವಾಸ್ತವ: 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹೊಸ ವ್ಯವಸ್ಥೆ ಶುರುವಾಗುವುದಿತ್ತು. ಆ ಗಡುವಿಗೆಂದು ನೈಟ್ ಕ್ಯಾಪಿಟಲ್ ಕಂಪನಿ ತನ್ನ ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಲು ಹೋಗಿ ಏಳಕ್ಕೆ ಹಾಕಿತು, ಒಂದು ಬಿಟ್ಟುಹೋಯಿತು. ಆ ಒಂದರಲ್ಲಿದ್ದ ಹಳೆಯ ಕೋಡ್ ಎದ್ದು ಬೇಡದ ಆರ್ಡರುಗಳನ್ನು ಸುರಿಯತೊಡಗಿತು. ಗಾಬರಿಯಾದವರು ತಪ್ಪು ಹೊಸ ಕೋಡಿನದೇ ಎಂದು ಊಹಿಸಿ ಸರಿಯಾಗಿದ್ದ ಏಳರಿಂದಲೂ ಅದನ್ನು ಕಿತ್ತರು. ತೊಂದರೆ ಎಂಟಕ್ಕೂ ಹರಡಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಮೊದಲು ಡೇಟಾದ ಪ್ರತಿಯ ಮೇಲೆ. ಅವಸರದಲ್ಲಿ ಇದೇ ಬೇಗ ಮುಗಿಯುವ ದಾರಿ.

ಎಂಐಡಿಸಿಯ ಮಾಲೀಕರಲ್ಲಿ, ಅಕೌಂಟೆಂಟ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರೋಗ್ರಾಮ್ ನಿಂತಾಗ "ಏನೋ ಎರರ್ ಬಂದದ" ಎಂದು ಫೋನ್ ಮಾಡಬೇಡಿ. ಪರದೆಯ ಮೇಲೆ ಬಂದ ಮಾತನ್ನು ಇದ್ದದ್ದು ಇದ್ದಹಾಗೆ ಫೋಟೋ ತೆಗೆದು, ಬಿಲ್ ನಂಬರಿನ ಜೊತೆ ಕಳಿಸಿ. ಆಮೇಲೆ ಒಂದು ಗಂಟೆ ಅವರನ್ನು ಮಾತನಾಡಿಸದೆ ಬಿಡಿ. ಮತ್ತು ಮುಂದಿನ 11ನೇ ತಾರೀಖು ಬರುವ ಮೊದಲೇ, ದಿನವೂ ತೆಗೆದಿಡುತ್ತಿರುವ ಬ್ಯಾಕಪ್ ಬೇರೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಒಮ್ಮೆ ನಿಮ್ಮ ಕಣ್ಣಾರೆ ನೋಡಿಕೊಳ್ಳಿ.