ಮೂವತ್ತೈದು ದಾಟಿತೇ? ರಕ್ತ ಪರೀಕ್ಷೆ ಆಯಿತೇ?

ನಮ್ಮ ಸಂಘದ ಯಾವುದೇ ಹಬ್ಬದೂಟಕ್ಕೆ ಹೋಗಿ, ಕಾಫಿ ಮೇಜಿನ ಬಳಿ ಐದು ನಿಮಿಷ ನಿಲ್ಲಿ. "ಸಕ್ಕರೆ ಹಾಕದ್ದು ಇದೆಯೇನ್ರೀ?" ಎಂದು ಕೇಳುವವರು ಯಾರೆಂದು ಗಮನಿಸಿ. ನಾನು ಡಾಲಸ್ಸಿಗೆ ಬಂದ ಹೊಸದರಲ್ಲಿ ಹಾಗೆ ಕೇಳುತ್ತಿದ್ದವರು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ-ಅಮ್ಮಂದಿರು, ಅತ್ತೆ-ಮಾವಂದಿರು. ಈಗ ಕೇಳುವವರು ನಲವತ್ತರ ಆಸುಪಾಸಿನ ಗಂಡಸರು. ಹ್ಯೂಸ್ಟನ್ನಿನ ಸ್ನೇಹಿತರ ಮನೆಯ ಗೃಹಪ್ರವೇಶದಲ್ಲೂ ಇದೇ ಮಾತು, ಆಸ್ಟಿನ್ನಿನ ಸತ್ಯನಾರಾಯಣ ಪೂಜೆಯಲ್ಲೂ ಇದೇ ಮಾತು. ಇವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಪಾಪ, ಇವರಿಗೆ ವಿಷಯ ಗೊತ್ತಾಗಿದೆ. ಪಕ್ಕದಲ್ಲೇ ನಿಂತು ಎರಡು ಚಮಚ ಸಕ್ಕರೆ ಕಲಕುತ್ತಾ "ನನಗೇನೂ ಇಲ್ಲಪ್ಪ" ಎನ್ನುವವರದ್ದೇ ಚಿಂತೆ. ಇಲ್ಲ ಎಂದು ಹೇಳಿದವರು ಯಾರು? ರಕ್ತ ಕೊಟ್ಟು ನೋಡಿದ್ದಾರೆಯೇ?

ಈ ವಿಷಯದಲ್ಲಿ ಹೆಂಗಸರಿಗೆ ಒಂದು ಅನುಕೂಲವಿದೆ. ಗರ್ಭಿಣಿಯಾದಾಗ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಸಕ್ಕರೆ ಹೆಚ್ಚಿದ್ದರೆ ಹೆರಿಗೆಯಾದ ಮೇಲೂ ಬಿಡದೆ ಹಿಂಬಾಲಿಸುತ್ತಾರೆ. ಗಂಡಸರ ಬದುಕಿನಲ್ಲಿ ಅಂಥ ಟೋಲ್ ಗೇಟೇ ಇಲ್ಲ! ಇಪ್ಪತ್ತೈದಕ್ಕೆ ಎಚ್-1ಬಿ ಮೇಲೆ ಬರುತ್ತೇವೆ. ಜ್ವರ ಬಂದರೆ ಅರ್ಜೆಂಟ್ ಕೇರ್, ಮೈಕೈ ನೋವಿಗೆ ಊರಿಂದ ತಂದ ಮುಲಾಮು. ಮಕ್ಕಳ ಡಾಕ್ಟರ ಹೆಸರು ಗೊತ್ತು, ಹಲ್ಲಿನ ಡಾಕ್ಟರ ಹೆಸರೂ ಗೊತ್ತು, "ನಿಮ್ಮ ಡಾಕ್ಟರು ಯಾರು?" ಎಂದರೆ ಹೆಂಡತಿಯ ಮುಖ ನೋಡುತ್ತೇವೆ.

ಹ್ಯೂಸ್ಟನ್ನಿನ ನನ್ನ ಸ್ನೇಹಿತರೊಬ್ಬರು ನಲವತ್ತಮೂರನೇ ವಯಸ್ಸಿನಲ್ಲಿ ಕನ್ನಡಕ ಬದಲಿಸಲು ಹೋದರು. ಕಣ್ಣಿನ ಡಾಕ್ಟರು ಒಳಗೆ ಇಣುಕಿ ನೋಡಿ, "ನಿಮಗೆ ಶುಗರ್ ಎಷ್ಟು ವರ್ಷದಿಂದ?" ಎಂದು ಕೇಳಿದರಂತೆ. ಇವರಿಗೆ ಅದೇ ಮೊದಲ ಸುದ್ದಿ. ಮನೆಯಾಕೆ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಎರಡು ಬಸುರಿನಲ್ಲೂ ನನಗೆ ಪರೀಕ್ಷೆ ಮಾಡಿದರು. ಎರಡು ಸಲವೂ ಇವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು."

ಅವರದು ಅಪರೂಪದ ಕಥೆಯೇನಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನಕ್ಕೆ ಸೇರಿದವರೆಲ್ಲ ಆಗಷ್ಟೇ ಮಧುಮೇಹ ಪತ್ತೆಯಾದವರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಷ್ಟರಲ್ಲೇ ಏನಾದರೊಂದು ತೊಡಕು ಅಂಟಿಕೊಂಡಿತ್ತು. ನೋವಿಲ್ಲ, ಜ್ವರವಿಲ್ಲ, ರೋಗ ಮಾತ್ರ ವರ್ಷಗಟ್ಟಲೆ ಒಳಗೇ ಕೆಲಸ ಮಾಡುತ್ತಿರುತ್ತದೆ. ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರ ಎಲ್ಲಕ್ಕೂ ಪೆಟ್ಟು. ಗಂಡಸರು ಬಾಯಿಬಿಟ್ಟು ಹೇಳಿಕೊಳ್ಳದ ಮಲಗುವ ಕೋಣೆಯ ತೊಂದರೆಯೂ ಎಷ್ಟೋ ಸಲ ಇದರದೇ ಮುನ್ಸೂಚನೆ. ಡಾಕ್ಟರ ಹತ್ತಿರ ಅದನ್ನು ಹೇಳಲು ನಾಚಬೇಡಿ.

"ನಾನು ಸಣ್ಣಗಿದ್ದೇನಲ್ಲ?" ಎನ್ನುವವರಿಗೆ ಒಂದು ಫೋಟೋದ ಕಥೆ ಹೇಳಬೇಕು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಚಿತ್ರ ಬಂತು. ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2! ನಮ್ಮವರ ಮೈಕಟ್ಟೇ ಹಾಗೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಣಪತಿ. ಅದು ಯಾಕೆ ಅಪಾಯ ಎಂದು ವಿವರಿಸಿದವರಲ್ಲಿ ನಮ್ಮ ಡಾಲಸ್ಸಿನ ಯುಟಿ ಸೌತ್‌ವೆಸ್ಟರ್ನ್‌ನ ರೋಜರ್ ಅಂಗರ್ ಪ್ರಮುಖರು. ಕೊಬ್ಬಿನ ಉಗ್ರಾಣ ತುಂಬಿ ಚೆಲ್ಲಿದರೆ ಅದು ಲಿವರ್, ಮೇದೋಜ್ಜೀರಕ ಗ್ರಂಥಿಗಳಿಗೆ ಸೇರಿ ಅಲ್ಲಿನ ಜೀವಕೋಶಗಳನ್ನು ಕೆಡಿಸುತ್ತದೆ ಎಂದು ಅವರು ಪ್ರತಿಪಾದಿಸಿದರು. ನಮ್ಮ ಉಗ್ರಾಣ ಚಿಕ್ಕದು, ಬೇಗ ಚೆಲ್ಲುತ್ತದೆ. ಅದರಲ್ಲೂ ಗಂಡಸರಿಗೆ ಕೊಬ್ಬು ಹೊಟ್ಟೆಯೊಳಗೇ ಸೇರುವುದು ಹೆಚ್ಚು. ಹೆಂಗಸರಿಗಿಂತ ಕಡಿಮೆ ಬಿಎಂಐನಲ್ಲೇ ಗಂಡಸರಿಗೆ ಮಧುಮೇಹ ಬರುತ್ತದೆಂದು 2011ರಲ್ಲಿ ಸ್ಕಾಟ್ಲೆಂಡಿನ ಅಧ್ಯಯನವೊಂದು ತೋರಿಸಿತು.

ಹಾಗಾಗಿ ಅಮೆರಿಕದ ಸಾಮಾನ್ಯ ಲೆಕ್ಕ ನಮಗೆ ಹೊಂದುವುದಿಲ್ಲ. ಇಲ್ಲಿ ಬಿಎಂಐ 25 ದಾಟಿದರೆ ತೂಕ ಹೆಚ್ಚು ಎನ್ನುತ್ತಾರೆ. ಏಷ್ಯಾ ಮೂಲದವರನ್ನು 23ರಿಂದಲೇ ಪರೀಕ್ಷಿಸಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಹೇಳಿತು. ಐದಡಿ ಎಂಟಂಗುಲದ ಗಂಡಸಿಗೆ 23 ಎಂದರೆ ಸುಮಾರು 151 ಪೌಂಡ್. ನಮ್ಮ ಗೆಳೆಯರ ಗುಂಪಿನಲ್ಲಿ ಅದಕ್ಕಿಂತ ಕಡಿಮೆ ಇರುವವರನ್ನು ಹುಡುಕಬೇಕು! ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚಿನೊಳಗಿರಲಿ. ಪ್ಯಾಂಟಿನ ಸೈಜ್ ಹೇಳಿ ತಪ್ಪಿಸಿಕೊಳ್ಳಬೇಡಿ, ಬೆಲ್ಟು ಎಂದೋ ಹೊಟ್ಟೆಯ ಕೆಳಗೆ ಜಾರಿರುತ್ತದೆ. ಟೇಪನ್ನು ಹೊಕ್ಕುಳ ಮಟ್ಟದಲ್ಲಿ ಹಿಡಿಯಿರಿ.

ವಯಸ್ಸಿನ ಗೆರೆಯೂ ಕೆಳಗಿಳಿದಿದೆ. ಮೊದಲು 45 ಎನ್ನುತ್ತಿದ್ದರು. 2022ರಿಂದ ಎಲ್ಲರಿಗೂ 35 ಎಂದು ಇದೇ ಸಂಸ್ಥೆ ಹೇಳುತ್ತಿದೆ. ತೂಕ ಹೆಚ್ಚಿದ್ದು, ಅಪ್ಪ-ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದರೆ 35ರವರೆಗೂ ಕಾಯಬೇಕಿಲ್ಲ. ಎ1ಸಿ 5.7ಕ್ಕಿಂತ ಕಡಿಮೆಯಿದ್ದರೆ ನೆಮ್ಮದಿ, ಮೂರು ವರ್ಷ ಬಿಟ್ಟು ಮತ್ತೆ ನೋಡಿ. 5.7ರಿಂದ 6.4 ಎಂದರೆ ಮಧುಮೇಹದ ಹೊಸ್ತಿಲು, ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. 6.5 ದಾಟಿದರೆ, ಇನ್ನೊಮ್ಮೆ ಖಚಿತಪಡಿಸಿಕೊಂಡು, ಮಧುಮೇಹ. ಬರಿಹೊಟ್ಟೆಯ ಸಕ್ಕರೆಯಲ್ಲಿ ಇದೇ ಗೆರೆಗಳು 100 ಮತ್ತು 126. ರಕ್ತಹೀನತೆ ಅಥವಾ ತಲಸೀಮಿಯಾ ಅಂಶವಿದ್ದವರಿಗೆ ಎ1ಸಿ ಸುಳ್ಳು ಹೇಳಬಹುದು, ಅಂಥವರು ಬರಿಹೊಟ್ಟೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ.

ಬೇಗ ಗೊತ್ತಾಗಿ ಲಾಭವೇನು? ಹೊಸ್ತಿಲಿನಿಂದ ವಾಪಸು ಬರಬಹುದು, ಅದೇ ಲಾಭ. ನಮ್ಮ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋ ಕೂಡ ಒಂದು ಕೇಂದ್ರವಾಗಿದ್ದ ಡಿಪಿಪಿ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ. 58 ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಇಳಿದದ್ದು ಶೇ. 31. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ನಮ್ಮಂಥವರ ಮೇಲೆಯೇ ಇದನ್ನು ಮಾಡಿ 2006ರಲ್ಲಿ ಶೇ. 28.5 ಇಳಿಕೆ ಕಂಡಿತು. ಅಷ್ಟೇನಾ ಎನ್ನಬೇಡಿ, ಮೂರೂವರೆ ಮಂದಿಯಲ್ಲಿ ಒಬ್ಬರು ತಪ್ಪಿಸಿಕೊಂಡಂತೆ! ಡಾಲಸ್ಸಿನ ಕೂಪರ್ ಇನ್‌ಸ್ಟಿಟ್ಯೂಟಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರನ್ನು ಟ್ರೆಡ್‌ಮಿಲ್ ಹತ್ತಿಸಿ ವರ್ಷಗಟ್ಟಲೆ ಗಮನಿಸಿದರು. ದಮ್ಮು ತೀರಾ ಕಡಿಮೆಯಿದ್ದವರಿಗೆ, ಚೆನ್ನಾಗಿದ್ದವರಿಗಿಂತ ಮಧುಮೇಹದ ಅಪಾಯ 3.7 ಪಟ್ಟು ಎಂದು 1999ರಲ್ಲಿ ಪ್ರಕಟಿಸಿದರು. ನಮಗೆ ವೈಟ್ ರಾಕ್ ಲೇಕ್ ಇದೆ, ಹ್ಯೂಸ್ಟನ್ನಿನವರಿಗೆ ಮೆಮೋರಿಯಲ್ ಪಾರ್ಕ್, ಆಸ್ಟಿನ್ನಿನವರಿಗೆ ಲೇಡಿ ಬರ್ಡ್ ಲೇಕ್ ದಂಡೆ. ಆಗಸ್ಟಿನ ಬಿಸಿಲಿಗೆ ಹೆದರಿದರೆ ಬೆಳಿಗ್ಗೆ ಆರಕ್ಕೆ ಹೊರಡಿ.

ಪರೀಕ್ಷೆಗೆ ಒಂದು ವಾರ ಮೊದಲು ಅನ್ನ ಬಿಟ್ಟು ಡಾಕ್ಟರನ್ನು ಮೆಚ್ಚಿಸುವ ಜಾಣರೂ ನಮ್ಮಲ್ಲಿದ್ದಾರೆ. ಎ1ಸಿ ಮುಂದೆ ಆ ಆಟ ನಡೆಯದು, ಅದು ಎರಡು-ಮೂರು ತಿಂಗಳ ಸರಾಸರಿ ಲೆಕ್ಕ. ಅದಕ್ಕೆ ಬರಿಹೊಟ್ಟೆಯೂ ಬೇಡ. ಹಬ್ಬದ ಎರಡು ಒಬ್ಬಟ್ಟು ತಿಂದ ಮಾರನೆಯ ದಿನವೇ ಹೋದರೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದ್ದರಿಂದ "ಹಬ್ಬ ಮುಗಿಯಲಿ" ಎಂದು ಯಾರೂ ಕಾಯುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಡಾಕ್ಟರ ಆಫೀಸಿಗೆ ಫೋನ್ ಮಾಡಿ.