ದನಿ ಮೊದಲು, ಚಿತ್ರ ಆಮೇಲೆ

ಡಿಜಿಟಲ್ ಕಥೆ ಎಂದರೆ ಹಲವರಿಗೆ ನೆನಪಾಗುವುದು ಪ್ರೊಜೆಕ್ಟರು, ಪರದೆ, ಕುಣಿಯುವ ಅಕ್ಷರಗಳು. ಈ ಕಲೆಯನ್ನು ರೂಪಿಸಿದವರಿಗೆ ಅವೆಲ್ಲ ಆಮೇಲಿನ ಮಾತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾನಾ ಆಚ್ಲಿ, ಜೋ ಲ್ಯಾಂಬರ್ಟ್ ಮತ್ತು ಸಂಗಡಿಗರು ಕಾರ್ಯಾಗಾರ ನಡೆಸತೊಡಗಿದಾಗ ಹಿಡಿದ ದಾರಿ ಸರಳ: ಬದುಕಿನ ಒಂದು ಸಂಗತಿಯನ್ನು ಅನುಭವಿಸಿದವರೇ ತಮ್ಮ ದನಿಯಲ್ಲಿ ಎರಡು ಮೂರು ನಿಮಿಷ ಹೇಳಬೇಕು; ಜೊತೆಗೆ ಕೆಲವೇ ಚಿತ್ರಗಳು.

ತರಗತಿಯಲ್ಲೂ ಕೆಲಸ ಶುರುವಾಗುವುದು ದುಂಡಗೆ ಕೂತ ಮಕ್ಕಳ ನಡುವೆ, ಬಾಯಿಮಾತಿನಲ್ಲಿ. ‘ನಮ್ಮೂರ ಕೆರೆ’ ಎಂದು ಹೊರಟರೆ ಅದು ಪ್ರಬಂಧ. ‘ಕೆರೆ ಕೋಡಿ ಬಿದ್ದ ದಿನ ಅಜ್ಜಿ ಯಾಕೆ ಅತ್ತಳು?’ ಎಂದು ಹೊರಟರೆ ಕಥೆ. ಕೇಳುವವರಲ್ಲಿ ಪ್ರಶ್ನೆ ಹುಟ್ಟಿಸಿ ಉತ್ತರವನ್ನು ತಡೆದಿಡುವುದು ಲ್ಯಾಂಬರ್ಟ್ ಬಳಗ ಗುರುತಿಸಿದ ಏಳು ಅಂಶಗಳಲ್ಲಿ ಒಂದು.

ಇನ್ನೊಂದು ಅಂಶ ಮಿತವ್ಯಯ. ಈ ಕಲೆಯ ಸೊಗಸೆಲ್ಲ ಇಲ್ಲಿದೆ. ಎರಡು ನಿಮಿಷದ ಓದಿಗೆ ಕನ್ನಡದಲ್ಲಿ ಸುಮಾರು 200 ಪದ ಸಾಕು. ಮಗು ಮೊದಲು ಬರೆದದ್ದು ಅದರ ಎರಡರಷ್ಟಿರುತ್ತದೆ. ಆಗ ಚಿತ್ರಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಬೇಕು. ಕೋಡಿಯ ನೀರು ಧುಮುಕುವ ಚಿತ್ರವಿದ್ದರೆ ‘ನೀರು ಧುಮ್ಮಿಕ್ಕುತ್ತಿತ್ತು’ ಎಂಬ ವಾಕ್ಯ ಹೋಗಲಿ. ಅಜ್ಜಿ ಏನು ಹೇಳಿದಳು ಎಂಬುದು ಯಾವ ಚಿತ್ರದಲ್ಲೂ ಸಿಗುವುದಿಲ್ಲ, ಅದು ಉಳಿಯಲಿ. ವರ್ಷವಿಡೀ ‘ವಿಸ್ತರಿಸಿ ಬರೆಯಿರಿ’ ಎಂದು ಕೇಳಿಸಿಕೊಂಡ ಮಕ್ಕಳು ಅಳಿಸುವುದೂ ಬರವಣಿಗೆಯೇ ಎಂದು ಕಲಿಯುವುದು ಈ ಹೊತ್ತಿನಲ್ಲಿ.

ದನಿ ಹಿಡಿಯಲು ಮೊಬೈಲ್ ಫೋನ್ ಸಾಕು. ಫ್ಯಾನ್ ಆರಿಸಿ, ಬರಿಗೋಡೆಯ ಕೋಣೆ ಬಿಟ್ಟು ಪರದೆ, ಬಟ್ಟೆ ಇರುವ ಮೂಲೆ ಹುಡುಕಬೇಕು, ಮಾರ್ದನಿ ತಗ್ಗುತ್ತದೆ. ಫೋನನ್ನು ಬಾಯಿಗೆ ನೇರವಾಗಿ ಹಿಡಿಯದೆ ತುಸು ಓರೆಯಾಗಿ ಇಟ್ಟರೆ ಪ, ಫ, ಭ ನುಡಿವಾಗಿನ ಉಸಿರು ಢಬ್ ಎಂದು ಬಡಿಯುವುದಿಲ್ಲ. ಮಾತಿಗೆ ಮುಂಚೆ ಐದಾರು ಸೆಕೆಂಡ್ ಸುಮ್ಮನಿದ್ದು ಮುದ್ರಿಸಿಕೊಂಡರೆ, ಆಡಾಸಿಟಿ ಎಂಬ ಉಚಿತ ತಂತ್ರಾಂಶ ಆ ಮೌನವನ್ನೇ ಮಾದರಿಯಾಗಿ ಹಿಡಿದು ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನು ಕಡಿಮೆ ಮಾಡುತ್ತದೆ. ಚಿತ್ರಗಳನ್ನು ಜೋಡಿಸುವುದು ಇದಾದ ಮೇಲೆ. ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಚಿತ್ರವೂ ಒಂದು ಕ್ಷಣ ನಿಲ್ಲಲಿ.

ಚಿತ್ರಗಳು ಎಲ್ಲಿಂದ? ಮಕ್ಕಳೇ ಬರೆದದ್ದು ಎಲ್ಲಕ್ಕಿಂತ ಒಳ್ಳೆಯದು. ಸಾಲದಿದ್ದರೆ ಅಂತರ್ಜಾಲದಲ್ಲಿ ಕಂಡದ್ದನ್ನೆಲ್ಲ ಬಾಚಿಕೊಳ್ಳುವಂತಿಲ್ಲ. ಕಾಸಿಲ್ಲದೆ ಸಿಕ್ಕಿದ್ದೆಲ್ಲ ತಿದ್ದಿ ಬಳಸಲು ಅನುಮತಿ ಇರುವಂಥದ್ದಲ್ಲ. ಈ ಅನುಮತಿಯನ್ನು ಮೊದಲೇ ಬರೆದಿಟ್ಟುಬಿಡುವ ವ್ಯವಸ್ಥೆಯೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಅದು ಬಂದದ್ದು 2002ರಲ್ಲಿ. ‘ಸಿಸಿ ಬೈ’ ಎಂದಿದ್ದರೆ ಕರ್ತೃವಿನ ಹೆಸರು ಹೇಳಿ ಬದಲಾಯಿಸಬಹುದು, ಹಂಚಬಹುದು. ‘ಎನ್‌ಡಿ’ ಎಂದಿದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ. ‘ಎನ್‌ಸಿ’ ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ತಾಣ ಇಂಥ ಮುಕ್ತ ಪರವಾನಗಿಯ ಮೇಲೆ ನಿಂತಿದೆ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ. ಅಲ್ಲಿನ ಕಥೆಯನ್ನು ಕನ್ನಡಕ್ಕೆ ತರಬಹುದು, ಅಲ್ಲಿನ ಚಿತ್ರಗಳಿಗೆ ಹೊಸ ಕಥೆ ಕಟ್ಟಬಹುದು. ಪಾಠಕ್ಕೆ ಒದಗುವ ಸಾಮಗ್ರಿಯನ್ನು ನಮ್ಮ ಶಿಕ್ಷಕರೇ ಕೂಡಿ ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣವೂ ಇದೆ.

ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೋರಿಕೆ: ಈ ವರ್ಷ ಒಂದು ಪಾಠಕ್ಕಾದರೂ ಮಕ್ಕಳ ದನಿಯ ಎರಡು ನಿಮಿಷದ ಕಥೆ ಮಾಡಿಸಿ. ಚೆನ್ನಾಗಿ ಬಂದರೆ ಮನೆಯವರ ಒಪ್ಪಿಗೆ ಪಡೆದು, ಮುಕ್ತ ಪರವಾನಗಿ ಹಾಕಿ ಹಂಚಿ. ಇನ್ನೊಂದು ಶಾಲೆಗೆ ಅದೇ ಪಾಠ ಸಾಮಗ್ರಿಯಾಗುತ್ತದೆ.