ಅಫಘಾನಿಸ್ತಾನದ ಕಿಡಿ, ಮುಂಬಯಿಯ ಕಿಚ್ಚು

ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಮೃತ್ಯುವೆಂಬ ನಾಣ್ಣುಡಿ ನಮ್ಮಲ್ಲಿ ಬಹು ಹಳೆಯದು. ಅಫಘಾನಿಸ್ತಾನದ ಈಚಿನ ಚರಿತ್ರೆಯನ್ನು ಬಲ್ಲವರಿಗೆ ಈ ಮಾತಿನ ಸತ್ಯವು ಮನದಟ್ಟಾಗದಿರದು. ಅಲ್ಲಿಯ ಕಾಳಗದ ತುಳಿತಕ್ಕೆ ಸಿಕ್ಕವರಲ್ಲಿ ನಮ್ಮ ಮುಂಬಯಿಯ ಹೊಟೇಲು ಕೆಲಸಗಾರರೂ ಸೇರಿದ್ದಾರೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯವು ಆ ದೇಶವನ್ನು ಹೊಕ್ಕಿತು. ಅದನ್ನು ಎದುರಿಸಿದವರಿಗಾಗಿ ಅಮೆರಿಕದ ಸಿ.ಐ.ಎ. ಸಂಸ್ಥೆಯು ಹಣವನ್ನೂ ಶಸ್ತ್ರಗಳನ್ನೂ ಒದಗಿಸಿತು. ಸೌದಿ ಅರೇಬಿಯವೂ ಹಣವಿತ್ತಿತು. ಆದರೆ ಹಂಚುವ ಅಧಿಕಾರವಿದ್ದುದು ಪಾಕಿಸ್ತಾನದ ಗುಪ್ತಚರ ಸಂಸ್ಥೆಯಾದ ಐ.ಎಸ್.ಐ.ಯ ಕೈಯಲ್ಲಿ. ಕರಾಚಿಯ ಬಂದರಿನಲ್ಲಿ ಇಳಿದ ಶಸ್ತ್ರಗಳು ಯಾರಿಗೆ ಎಷ್ಟು, ತರಬೇತಿ ಯಾರಿಗೆ ಎಂಬುದನ್ನೆಲ್ಲ ಅದೇ ನಿರ್ಣಯಿಸಿತು. ಪೇಶಾವರದಲ್ಲಿ ನೆಲೆಸಿದ್ದ ಏಳು ಪಕ್ಷಗಳಲ್ಲಿ ಹಿಕ್ಮತ್ಯಾರನ ಪಕ್ಷಕ್ಕೆ ದೊರೆತ ಪಾಲು ದೊಡ್ಡದು.

1989ರ ಫೆಬ್ರವರಿ 15ರಂದು ಸೋವಿಯತ್ ಸೈನ್ಯದ ಕೊನೆಯ ತುಕಡಿಯು ಹಿಂದಿರುಗಿತು. ಸೈನ್ಯವು ಹೋಯಿತು, ಶಸ್ತ್ರ, ಶಿಬಿರ, ತರಬೇತಿ ಪಡೆದ ಯುವಕರು ಉಳಿದರು. ಅದೇ ಕಾಲದಲ್ಲಿ ಅಫಘಾನಿಸ್ತಾನದ ಕುನಾರ್ ಪ್ರಾಂತದಲ್ಲಿ ಬೇರೂರಿದ ಲಷ್ಕರ್-ಎ-ತೊಯ್ಬಾ ಬಳಿಕ ಕಾಶ್ಮೀರದತ್ತ ತಿರುಗಿತು.

ಆ ಬೆಂಕಿಯು ಮುಂಬಯಿಗೆ ಅತಿಥಿಯ ವೇಷದಲ್ಲಿ ಬಂದಿತು. ಪಾಕಿಸ್ತಾನಿ ತಂದೆಗೂ ಅಮೆರಿಕನ್ ತಾಯಿಗೂ ಹುಟ್ಟಿದ ದಾವೂದ್ ಗಿಲಾನಿಯು 2006ರಲ್ಲಿ ಡೇವಿಡ್ ಹೆಡ್ಲಿಯೆಂದು ಹೆಸರು ಬದಲಿಸಿಕೊಂಡನು. ವಿದೇಶಕ್ಕೆ ಹೋಗುವವರಿಗೆ ನೆರವಾಗುವ ಕಚೇರಿಯೊಂದರ ನೆವದಿಂದ ಈ ನಗರಕ್ಕೆ ಮತ್ತೆ ಮತ್ತೆ ಬಂದು, ತಾಜ್ ಹೊಟೇಲಿನಲ್ಲಿ ತಂಗಿ, ಚಿತ್ರಗಳನ್ನು ತೆಗೆದು, ದೋಣಿಯೇರಿ ಇಳಿದಾಣಗಳನ್ನು ಗುರುತಿಸಿದನು. ಅಂದು ಶಸ್ತ್ರಗಳು ಬಂದಿಳಿದ ಆ ಕರಾಚಿಯಿಂದಲೇ ಹೊರಟ ಹತ್ತು ಮಂದಿ 2008ರ ನವೆಂಬರ್ 26ರ ರಾತ್ರಿ ಇಲ್ಲಿಗೆ ಬಂದಿಳಿದರು. 166 ಜನರು ಮಡಿದರು. ತಾಜ್ ಹೊಟೇಲಿನ ಅಡುಗೆಯವರೂ ಮಾಣಿಗಳೂ ಅತಿಥಿಗಳನ್ನು ಕಾಪಾಡಲು ನಿಂತರು. ಅವರಲ್ಲಿ ಕೆಲವರು ಮನೆಗೆ ಮರಳಲಿಲ್ಲ. ರೈಲ್ವೆ ನಿಲ್ದಾಣದಲ್ಲಿ ಸತ್ತವರು ನಮ್ಮಂತೆಯೇ ಗಾಡಿ ಕಾಯುತ್ತಿದ್ದ ಸಾಮಾನ್ಯರು.

ಐ.ಎಸ್.ಐ.ಯ ಅಧಿಕಾರಿಯೊಬ್ಬನು ತನಗೆ ಹಣವಿತ್ತು ಕೆಲಸವನ್ನು ಒಪ್ಪಿಸಿದನೆಂದು ಹೆಡ್ಲಿಯು 2011ರಲ್ಲಿ ಶಿಕಾಗೋ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದನು. 2016ರಲ್ಲಿ ಮುಂಬಯಿಯ ನ್ಯಾಯಾಲಯದ ಮುಂದೆಯೂ ದೂರದರ್ಶಕ ಸಂಪರ್ಕದ ಮೂಲಕ ಆ ಸಂಸ್ಥೆಯ ಹೆಸರೆತ್ತಿದನು. ಪಾಕಿಸ್ತಾನವು ಇದನ್ನು ನಿರಾಕರಿಸುತ್ತಲೇ ಬಂದಿದೆ. ಅವನು ಒಮ್ಮೆ ಅಮೆರಿಕದ ಮಾದಕದ್ರವ್ಯ ನಿಗ್ರಹ ಇಲಾಖೆಗೆ ಸುದ್ದಿಗಾರನಾಗಿದ್ದವನೆಂಬುದೂ ಗಮನಾರ್ಹ. 2013ರಲ್ಲಿ ಅವನಿಗೆ 35 ವರ್ಷಗಳ ಸೆರೆಯಾಯಿತು. ಅವನ ಸಂಗಡಿಗ ತಹವ್ವುರ್ ರಾಣಾನನ್ನು 2025ರ ಏಪ್ರಿಲಿನಲ್ಲಿ ಭಾರತಕ್ಕೆ ಕರೆತರಲಾಯಿತು.

ಸೈನಿಕನಿಗೆ ಸಮವಸ್ತ್ರವುಂಟು, ರಾಯಭಾರಿಗೆ ಅಧಿಕಾರಪತ್ರವುಂಟು. ಗುಪ್ತಚರನಿಗೆ ಇವೆರಡೂ ಇಲ್ಲ. ಆದುದರಿಂದಲೇ ಅವನ ಕೃತ್ಯಕ್ಕೆ ಉತ್ತರ ಹೇಳುವವರೂ ಇಲ್ಲ. ದೇಶರಕ್ಷಣೆಗೆ ಇಂತಹ ಸಂಸ್ಥೆಗಳು ಅವಶ್ಯವೆಂಬುದನ್ನು ಒಪ್ಪೋಣ. ಆದರೆ ನಾಡೊಂದು ಯುದ್ಧದಿಂದ ನೆಲಸಮವಾದಾಗ, ಅಲ್ಲಿಯ ಸರಕಾರದ ಸ್ಥಾನವನ್ನು ನೆರೆಯ ಗುಪ್ತಚರರು ಆಕ್ರಮಿಸಿದರೆ, ಅವರು ಬೆಳೆಸಿದ ಹಿಂಸೆಗೆ ಗಡಿಯ ಹಂಗಿರುವುದಿಲ್ಲ. ಅದರ ಬೆಲೆಯನ್ನು ತೆತ್ತವರು ಅದನ್ನು ಹೂಡಿದವರಲ್ಲ. ರಾತ್ರಿಪಾಳಿಯಲ್ಲಿ ತಟ್ಟೆ ಹಿಡಿದು ನಿಂತವರು.